ನೆರೆದವರಿಗೆ ಇಡುವ ಹೆಸರು

ಚಳಿಗಾಲ ಮುಗಿಯುತ್ತ ಬಂದಂತೆ ನಮ್ಮ ಶಾಲೆಯ ಅಂಗಳದಲ್ಲಿ ‘ಗ್ಯಾದರಿಂಗ್’ ಎಂಬ ಮಾತು ಕೇಳಿಬರತೊಡಗುತ್ತದೆ. ಮುದ್ರಿತ ಆಹ್ವಾನಪತ್ರಿಕೆಯಲ್ಲಿ ‘ವಾರ್ಷಿಕ ಸ್ನೇಹ ಸಮ್ಮೇಳನ’ ಎಂದೇ ಇರುತ್ತದೆ. ಆದರೆ ಮಕ್ಕಳಿಗೂ, ಪಾಲಕರಿಗೂ, ಪೇಟೆಯ ಬಟ್ಟೆ ಅಂಗಡಿಯವರಿಗೂ ಅದು ಗ್ಯಾದರಿಂಗ್. ಹಿಂದೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಜಿಲ್ಲೆಗಳಲ್ಲಿ ಈ ಆಂಗ್ಲ ಶಬ್ದವು ಇಷ್ಟೊಂದು ಒಗ್ಗಿಹೋಗಿರಲು, ಅದರ ಜೊತೆಯ ಇತರ ಶಬ್ದಗಳ ಗತಿಯೇನಾಗಿದೆ ಎಂಬ ವಿಚಾರ ಬಹುಕಾಲದಿಂದ ನನ್ನ ಮನಸ್ಸಿನಲ್ಲಿತ್ತು. ಸಂಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿರೆಂದು ಸಂಪಾದಕ ಮಿತ್ರರು ಒತ್ತಾಯಿಸಿದಾಗ ಅದನ್ನೇ ವಾಚಕರ ಮುಂದಿಡಲು ಧೈರ್ಯಮಾಡಿದ್ದೇನೆ.

ನಾನು ಆಂಗ್ಲಭಾಷೆಯಲ್ಲಿ ಪಂಡಿತನಲ್ಲವೆಂಬುದನ್ನು ಮೊದಲೇ ಅರಿಕೆಮಾಡಿಕೊಳ್ಳುತ್ತೇನೆ. ಗುರುಗಳ ಬಳಿ ಕುಳಿತು ಅಮರಕೋಶವನ್ನೂ ಶಬ್ದಮಣಿದರ್ಪಣವನ್ನೂ ಬಾಯಿಪಾಠ ಮಾಡಿದವನು. ಆಂಗ್ಲವನ್ನು ಅನಂತರ, ಹೊಟ್ಟೆಪಾಡಿನ ಕಾಲದಲ್ಲಿ, ನಿಘಂಟನ್ನು ತೊಡೆಯ ಮೇಲಿಟ್ಟುಕೊಂಡು ಕಲಿತೆ. ಹಾಗೆ ಕಲಿತವನಿಗೆ ಒಂದು ಲಾಭವುಂಟು. ಆ ಭಾಷೆಯನ್ನು ಸಲೀಸಾಗಿ ಆಡುವವರು ಗಮನಿಸದೆ ದಾಟಿಹೋಗುವ ಶಬ್ದಗಳಲ್ಲಿ ಅವನು ಎಡವುತ್ತಾನೆ. ಎಡವಿದಾಗ ಕಲ್ಲನ್ನು ನೋಡುತ್ತಾನೆ.

ನಾನು ಎಡವಿದ ಒಂದು ಪ್ರಸಂಗವನ್ನು ಹೇಳಿಯೇ ಮುಂದುವರಿಯುವುದು ಯೋಗ್ಯ. ಇಲ್ಲಿಗೆ ಬರುವ ಮೊದಲು ನಾನು ಬೇರೊಂದು ಶಾಲೆಯಲ್ಲಿದ್ದೆ. ಅದರ ಹೆಸರು ಇಲ್ಲಿ ಬೇಡ. ಆ ವರ್ಷ ಅಲ್ಲಿ ಆರು ತಿಂಗಳಾದರೂ ಗಣಿತಕ್ಕೆ ಅಧ್ಯಾಪಕರಿರಲಿಲ್ಲ. ಒಂದು ಮುಂಜಾನೆ ನಾಲ್ವತ್ತರಷ್ಟು ಪಾಲಕರು ಹೊಲದ ಕೆಲಸ ಬಿಟ್ಟು ಬಂದು, ಕಚೇರಿಯ ಮುಂದಿನ ಬೇವಿನ ಮರದಡಿ ಮಧ್ಯಾಹ್ನದವರೆಗೆ ಕುಳಿತು, ಮುಖ್ಯಾಧ್ಯಾಪಕರನ್ನು ಕಂಡು ಹೋದರು. ಏರಿದ ದನಿಯಲ್ಲಿ ಒಂದೆರಡು ಮಾತು ಬಂದಿರಬಹುದು. ಅದಕ್ಕಿಂತ ಹೆಚ್ಚೇನೂ ನಡೆಯಲಿಲ್ಲ. ಮೇಲಿನವರಿಗೆ ಕಳುಹಿಸಬೇಕಾದ ವರದಿಯನ್ನು ಮುಖ್ಯಾಧ್ಯಾಪಕರು ಆಂಗ್ಲದಲ್ಲಿ ಬರೆದು ಕನ್ನಡಕ್ಕೆ ತಿರುಗಿಸಲು ನನಗೆ ಕೊಟ್ಟರು. ಅವರು ಬರೆದಿದ್ದ ಶಬ್ದ ‘ಗ್ಯಾದರಿಂಗ್’. ನಾನು ಬರೆದದ್ದು, ‘ಪಾಲಕರು ಗುಂಪು ಕಟ್ಟಿಕೊಂಡು ಬಂದು’ ಎಂದು. ವಾಕ್ಯ ಓಟವಾಗಿ ಬಂತೆಂದು ಆಗ ನನಗೆ ತೃಪ್ತಿಯೂ ಆಗಿತ್ತು.

ಆ ಕಾಗದ ಹೇಗೋ ಊರಿಗೆ ತಲುಪಿತು. ಸಂತೆಯ ದಿನ ಒಬ್ಬ ಹಿರಿಯ ರೈತರು ನನ್ನನ್ನು ತಡೆದು ನಿಲ್ಲಿಸಿ, ಸಿಟ್ಟಿಲ್ಲದ ದನಿಯಲ್ಲಿ ಹೇಳಿದರು: “ಪಂಡಿತರ, ನಾವು ಗುಂಪು ಕಟ್ಟಿಕೊಂಡು ಬಂದಿದ್ದಿಲ್ಲರೀ. ಕೂಡಿ ಬಂದಿದ್ವಿ.”

ನನ್ನಲ್ಲಿ ಉತ್ತರವಿರಲಿಲ್ಲ. ಮೂಲದಲ್ಲಿ ಇಲ್ಲದ ತಪ್ಪನ್ನು ಆ ನಾಲ್ವತ್ತು ಜನರ ತಲೆಗೆ ಕಟ್ಟಿದವನು ನಾನೇ, ಅದೂ ಕನ್ನಡದ ಪಂಡಿತ. ಅಂದಿನಿಂದ ಈ ಸಮೂಹವಾಚಕಗಳ ಬೆನ್ನುಹತ್ತಿದ್ದೇನೆ.

ಆಂಗ್ಲರು ಜನ ಸೇರುವುದಕ್ಕೆ ಎಷ್ಟು ಹೆಸರುಗಳನ್ನಿಟ್ಟಿದ್ದಾರೆಂದು ಎಣಿಸಹೊರಟರೆ ದಣಿವಾಗುತ್ತದೆ. ಆದರೆ ಅವುಗಳ ಭೇದ ಸಂಖ್ಯೆಯಲ್ಲಿಲ್ಲ. ಐವತ್ತು ಮಂದಿ ‘ಆಡಿಯನ್ಸ್’ ಆಗಬಹುದು, ‘ಕ್ರೌಡ್’ ಆಗಬಹುದು, ‘ಕಾಂಗ್ರಿಗೇಶನ್’ ಆಗಬಹುದು, ‘ಮಾಬ್’ ಕೂಡ ಆಗಬಹುದು. ಅವರನ್ನು ಒಟ್ಟಿಗೆ ಹಿಡಿದಿರುವುದು ಯಾವುದು ಎಂಬುದರ ಮೇಲೆ ಹೆಸರು ನಿಲ್ಲುತ್ತದೆ. ‘ಆಡಿಯನ್ಸ್’ ಎಂಬುದರ ಮೂಲ ಲ್ಯಾಟಿನ್ನಿನ ‘ಕೇಳು’ ಎಂಬ ಧಾತು. ಅಲ್ಲಿ ಜನರನ್ನು ಹಿಡಿದಿರುವುದು ಕಿವಿ. ಅರಸನು ಪ್ರಜೆಯ ಅಹವಾಲನ್ನು ಕೇಳಿಕೊಳ್ಳುವುದಕ್ಕೂ ಇದೇ ಶಬ್ದ. ಇಲ್ಲಿ ಕನ್ನಡವೇ ಹೆಚ್ಚು ಸೂಕ್ಷ್ಮವೆನ್ನಬೇಕು. ಅವರು ನಾಟಕ ನೋಡುವವರನ್ನೂ ‘ಆಡಿಯನ್ಸ್’ ಎಂದುಬಿಡುತ್ತಾರೆ. ನಾವು ಶ್ರೋತೃಗಳು, ಪ್ರೇಕ್ಷಕರು, ಸಭಿಕರು ಎಂದು ಬಿಡಿಸಿ ಹೇಳುತ್ತೇವೆ.

‘ಕಾಂಗ್ರಿಗೇಶನ್’ ಎಂಬುದರೊಳಗೆ ಲ್ಯಾಟಿನ್ನಿನ ಕುರಿಹಿಂಡು ಇದೆ. ಕ್ರೈಸ್ತ ಸಂಪ್ರದಾಯದಲ್ಲಿ ಗುರುವು ಕುರುಬ, ಭಕ್ತರು ಕುರಿಗಳು. ಆದ್ದರಿಂದ ಅವರಿಗೆ ಆ ಶಬ್ದದಲ್ಲಿ ಅವಮಾನವಿಲ್ಲ, ವಾತ್ಸಲ್ಯವಿದೆ. ನಮ್ಮಲ್ಲಿ ಸ್ವಾಮಿಗಳ ಮುಂದೆ ನೆರೆದವರನ್ನು ‘ಕುರಿಮಂದೆ’ ಎಂದರೆ ಅಂದಿನ ದಾಸೋಹ ಅಲ್ಲಿಗೇ ನಿಂತೀತು. ಕನ್ನಡ ಬೈಬಲ್ಲನ್ನು ಸಿದ್ಧಪಡಿಸಿದವರು ಚರ್ಚು ಎಂಬುದಕ್ಕೆ ‘ಸಭೆ’ ಎಂಬ ಶಬ್ದವನ್ನು ಬಳಸಿದ್ದಾರೆ. ಅವರ ವಿವೇಕ ಮೆಚ್ಚತಕ್ಕದ್ದು.

ದಾಸೋಹವೆಂದಾಗ ನೆನಪಾಯಿತು. ‘ಕಂಪನಿ’ ಎಂಬ ಶಬ್ದ ಕೇಳಿದರೆ ನಮಗೆ ಈಸ್ಟ್ ಇಂಡಿಯಾ ಕಂಪನಿಯೋ ನಾಟಕ ಕಂಪನಿಯೋ ಕಣ್ಣಮುಂದೆ ಬರುತ್ತದೆ. ಅದರ ಮೂಲವಾದ ಲ್ಯಾಟಿನ್ನಿನಲ್ಲಿ ‘ಪಾನಿಸ್’ ಎಂದರೆ ರೊಟ್ಟಿ. ಜೊತೆಯಾಗಿ ರೊಟ್ಟಿ ತಿನ್ನುವವರು ಕಂಪನಿ. ನಮ್ಮ ಸಹಪಂಕ್ತಿಗೆ ಇದಕ್ಕಿಂತ ಹತ್ತಿರದ ಆಂಗ್ಲ ಶಬ್ದ ನನಗೆ ಸಿಕ್ಕಿಲ್ಲ. ವ್ಯಾಪಾರಿಗಳ ಕೈಗೆ ಬಿದ್ದು ಅದು ರೊಟ್ಟಿ ಹಂಚುವುದನ್ನು ಬಿಟ್ಟು ಲಾಭ ಹಂಚತೊಡಗಿತು.

‘ಗ್ಯಾದರಿಂಗ್’ ಇವೆಲ್ಲಕ್ಕಿಂತ ಸಾಧು ಶಬ್ದ. ಮೋಡಗಳು ಕೂಡುವುದಕ್ಕೂ, ಹೊಲಿಗೆಯಲ್ಲಿ ಬಟ್ಟೆಯನ್ನು ನಿರಿಗೆಯಾಗಿ ಸೇರಿಸುವುದಕ್ಕೂ ಅದೇ ಕ್ರಿಯಾಪದ. ಹುಣ್ಣಿನಲ್ಲಿ ಕೀವು ಕೂಡುವುದಕ್ಕೂ ಹಿಂದೆ ಅದನ್ನೇ ಹೇಳುತ್ತಿದ್ದರು. ನಮ್ಮ ‘ಕೂಡು’ ಧಾತುವಿನಂತೆಯೇ ಅದು ಎಲ್ಲಿಗೂ ಹೋಗುತ್ತದೆ, ಯಾರನ್ನೂ ತೂಗುವುದಿಲ್ಲ. ‘ಗ್ರೂಪ್’ ಎಂಬುದಾದರೋ ಇಟಲಿಯ ಚಿತ್ರಕಾರರಿಂದಲೂ ಶಿಲ್ಪಿಗಳಿಂದಲೂ ಫ್ರೆಂಚರ ಮೂಲಕ ಬಂದದ್ದು. ಒಂದು ಚಿತ್ರದಲ್ಲಿ ಒತ್ತಾಗಿ ಕಾಣುವ ಆಕೃತಿಗಳಿಗೆ ಮೊದಲು ಆ ಹೆಸರಿತ್ತು. ಅಂದರೆ ಅದು ದೂರ ನಿಂತು ನೋಡುವವನ ಶಬ್ದ. ಒಳಗಿರುವವರ ಮನಸ್ಸು ಅದಕ್ಕೆ ತಿಳಿಯದು. ಈ ಕಾರಣದಿಂದಲೇ ಅದು ರಕ್ತಕ್ಕೂ ಗಣಿತಕ್ಕೂ ರಸಾಯನಶಾಸ್ತ್ರಕ್ಕೂ ಸಲ್ಲುತ್ತದೆ.

‘ಕ್ರೌಡ್’, ‘ಮಾಬ್’ ಇವೆರಡರ ಅಂತರವನ್ನು ಮಾತ್ರ ಸಾವಧಾನವಾಗಿ ನೋಡಬೇಕು. ಮೊದಲನೆಯದರ ಮೂಲ ಹಳೆಯ ಆಂಗ್ಲದ ‘ಒತ್ತು, ನೂಕು’ ಎಂಬ ಧಾತು. ಜಾಗ ಕಿರಿದಾಗಿ ಜನ ಹೆಚ್ಚಾದರೆ ಅದು ಕ್ರೌಡ್. ನಮ್ಮ ‘ಸಂದಣಿ’, ‘ದಟ್ಟಣೆ’ ಎಂಬವು ಅದಕ್ಕೆ ಸಲ್ಲುತ್ತವೆ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕ್ರಿಕೆಟ್ ತಂಡದ ವಿಜಯೋತ್ಸವಕ್ಕೆಂದು ಬಂದವರಲ್ಲಿ 11 ಮಂದಿ ನೂಕುನುಗ್ಗಲಿಗೆ ಸಿಲುಕಿ ತೀರಿಕೊಂಡರು. ಅವರು ಸಂದಣಿ, ಅವರ ಮನಸ್ಸಿನಲ್ಲಿ ಇದ್ದದ್ದು ಸಂತೋಷವೊಂದೇ. ‘ಮಾಬ್’ ಎಂಬುದು ಹಾಗಲ್ಲ. ಲ್ಯಾಟಿನ್ನಿನಲ್ಲಿ ‘ಚಂಚಲರಾದ ಸಾಮಾನ್ಯ ಜನ’ ಎಂಬರ್ಥದ ‘ಮೊಬಿಲೆ ವುಲ್ಗುಸ್’ ಎಂಬ ಎರಡು ಪದಗಳಿದ್ದವು. ಹದಿನೇಳನೆಯ ಶತಮಾನದ ಕೊನೆಗೆ ಲಂಡನ್ನಿನವರು ಅವುಗಳ ಬಾಲ ಕತ್ತರಿಸಿ ‘ಮಾಬ್’ ಮಾಡಿದರು. ಇದು ಅಪಭ್ರಂಶವೆಂದು ಸ್ವಿಫ್ಟ್ ಮಹಾಶಯನು 1710ರಲ್ಲಿ ಪತ್ರಿಕೆಯೊಂದರಲ್ಲಿ ಸಿಡಿಮಿಡಿಗೊಂಡಿದ್ದನು. ಶಬ್ದಶುದ್ಧಿಗಾಗಿ ಹೋರಾಡಿ ಸೋತ ಪಂಡಿತರು ಎಲ್ಲ ದೇಶಗಳಲ್ಲಿಯೂ ಇದ್ದಾರೆಂದು ತಿಳಿದು ನನಗೆ ಸಮಾಧಾನವಾಯಿತು. ಆ ಹೆಸರನ್ನು ಇಟ್ಟವರು ಮೇಲಿನವರು, ಹೊತ್ತವರು ಕೆಳಗಿನವರು. ತಮ್ಮನ್ನು ತಾವೇ ‘ಮಾಬ್’ ಎಂದು ಕರೆದುಕೊಂಡು ಬೀದಿಗಿಳಿದವರು ಯಾರಿದ್ದಾರೆ?

ಹೆಸರಿನಿಂದ ಪ್ರಾಣ ಹೋಗುವುದುಂಟೆ ಎಂದು ಕೇಳುವವರಿಗೆ ಎರಡು ದಿನಾಂಕಗಳನ್ನು ಹೇಳುತ್ತೇನೆ. 1819ರ ಆಗಸ್ಟ್ 16ರಂದು ಮ್ಯಾಂಚೆಸ್ಟರಿನ ಸೇಂಟ್ ಪೀಟರ್ಸ್ ಮೈದಾನದಲ್ಲಿ ಸುಮಾರು 60,000 ಜನ ಸೇರಿದರು. ಆ ದೊಡ್ಡ ಪಟ್ಟಣಕ್ಕೆ ಪಾರ್ಲಿಮೆಂಟಿನಲ್ಲಿ ತನ್ನದೇ ಆದ ಒಬ್ಬ ಪ್ರತಿನಿಧಿಯೂ ಇರಲಿಲ್ಲ. ಅದನ್ನು ಕೇಳಲು ಹೆಂಗಸರು ಮಕ್ಕಳೊಡನೆ, ಹಬ್ಬದ ಉಡುಪಿನಲ್ಲಿ ಬಂದಿದ್ದರು. ಕರೆದವರು ಅದಕ್ಕೆ ಇಟ್ಟ ಹೆಸರು ‘ಮೀಟಿಂಗ್’. ಕಿಟಕಿಯಿಂದ ನೋಡುತ್ತಿದ್ದ ಮ್ಯಾಜಿಸ್ಟ್ರೇಟರಿಗೆ ಅದು ದಂಗೆಯ ಕೂಟವಾಗಿ ಕಂಡಿತು. ಕುದುರೆ ಸವಾರರನ್ನು ನುಗ್ಗಿಸಿದರು. ಹತ್ತಕ್ಕೂ ಹೆಚ್ಚು ಮಂದಿ ಸತ್ತು ನೂರಾರು ಮಂದಿ ಗಾಯಗೊಂಡರು. ನೂರು ವರ್ಷಗಳ ತರುವಾಯ, 1919ರ ಏಪ್ರಿಲ್ 13ರ ಬೆಳಿಗ್ಗೆ, ಅಮೃತಸರದಲ್ಲಿ ಜನರಲ್ ಡಯರನು ಡಂಗುರ ಹೊಡೆಯಿಸಿದನು: ನಾಲ್ವರು ಸೇರಿದರೂ ಅದನ್ನು ಕಾನೂನುಬಾಹಿರ ಕೂಟವೆಂದೇ ಭಾವಿಸಲಾಗುವುದು. ಅಂದು ಬೈಸಾಖಿ. ಜಲಿಯನ್‌ವಾಲಾ ಬಾಗಿನೊಳಗೆ ಸಭೆಗೆಂದು ಬಂದವರಿದ್ದರು, ಹಬ್ಬಕ್ಕೆ ಬಂದ ಸುತ್ತಲ ಹಳ್ಳಿಗಳವರಿದ್ದರು, ಸುಮ್ಮನೆ ಕುಳಿತವರೂ ಇದ್ದರು. ನೆರೆದವರಿಗೆ ನಾಲ್ಕಾರು ಹೆಸರುಗಳಿದ್ದವು. ಡಯರನಿಗೆ ಒಂದೇ ಸಾಕಾಯಿತು. 1650 ಸುತ್ತು ಗುಂಡು ಹಾರಿದವು. ಸರಕಾರಿ ಲೆಕ್ಕಕ್ಕೇ 379 ಜನ ಸತ್ತರು.

ಸಂಖ್ಯೆಯ ಮಾತು ಬಂದದ್ದರಿಂದ ಒಂದು ಸ್ವಾರಸ್ಯವನ್ನು ಸೇರಿಸುತ್ತೇನೆ. ಇಂಗ್ಲೆಂಡಿನಲ್ಲಿ 1715ರಲ್ಲಿ ಜಾರಿಗೆ ಬಂದ ದೊಂಬಿಯ ಕಾಯಿದೆಯಂತೆ ಹನ್ನೆರಡು ಅಥವಾ ಹೆಚ್ಚು ಮಂದಿ ಗದ್ದಲದಿಂದ ಸೇರಿದ್ದರೆ, ಅಧಿಕಾರಿಯು ಅರಸನ ಹೆಸರಿನಲ್ಲಿ ಒಂದು ಪ್ರಕಟನೆಯನ್ನು ಓದಿ, ಒಂದು ಗಂಟೆಯೊಳಗೆ ಚದುರಬೇಕೆಂದು ಆಜ್ಞಾಪಿಸುತ್ತಿದ್ದನು. ಮಕ್ಕಳನ್ನು ಗದರಿಸುವುದಕ್ಕೆ ಇಂದಿಗೂ ಆಂಗ್ಲದಲ್ಲಿ ‘ದೊಂಬಿಯ ಕಾಯಿದೆ ಓದುವುದು’ ಎನ್ನುತ್ತಾರೆ. ನಮ್ಮ ಕೆಲವು ಅಧ್ಯಾಪಕ ಬಂಧುಗಳು ದಿನಕ್ಕೆರಡು ಬಾರಿ ಓದುತ್ತಾರೆ. ಅದೇ ದೇಶದಲ್ಲಿ ನ್ಯಾಯನಿರ್ಣಯ ಮಾಡುವ ಜ್ಯೂರಿಯವರೂ ಹನ್ನೆರಡೇ ಮಂದಿ. ನಮ್ಮಲ್ಲಿ 1860ರ ದಂಡಸಂಹಿತೆಯ 141ನೆಯ ಕಲಮು ಐವರನ್ನು ಲೆಕ್ಕಕ್ಕೆ ಹಿಡಿಯಿತು: ಐವರು ಅಥವಾ ಹೆಚ್ಚು ಮಂದಿ ಕಾನೂನಿಗೆ ವಿರುದ್ಧವಾದ ಉದ್ದೇಶದಿಂದ ಸೇರಿದರೆ ಅಕ್ರಮ ಕೂಟ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 189ನೆಯ ಕಲಮಿನಲ್ಲಿಯೂ ಅದೇ ಐದು. ‘ಪಂಚಾಯಿತಿ’ ಎಂಬ ಶಬ್ದದಲ್ಲಿರುವುದೂ ಐದೇ ಅಲ್ಲವೆ? ಐವರು ಕಟ್ಟೆಯ ಮೇಲೆ ಕುಳಿತರೆ ನ್ಯಾಯ, ಐವರು ಕಟ್ಟೆಯ ಕೆಳಗೆ ನಿಂತರೆ ಅಪರಾಧ. ನಡುವೆ ಇರುವುದು ಉದ್ದೇಶ, ಮತ್ತು ಆ ಉದ್ದೇಶವನ್ನು ಹೆಸರಿಸುವವನ ಬಾಯಿ. ಸಂವಿಧಾನದ 19ನೆಯ ಅನುಚ್ಛೇದವು ಶಾಂತಿಯಿಂದ, ಆಯುಧವಿಲ್ಲದೆ ಸೇರುವ ಹಕ್ಕನ್ನೂ, ಸಂಘಗಳನ್ನು ಕಟ್ಟುವ ಹಕ್ಕನ್ನೂ ಬೇರೆಬೇರೆಯಾಗಿಯೇ ಕೊಟ್ಟಿದೆ. ಸೇರುವುದು ಬೇರೆ, ಕಟ್ಟುವುದು ಬೇರೆ ಎಂಬ ವಿವೇಕ ಅದನ್ನು ರಚಿಸಿದವರಿಗಿತ್ತು.

ಈ ಸೂಕ್ಷ್ಮಗಳೆಲ್ಲ ಆಂಗ್ಲರ ಸ್ವತ್ತು, ನಮ್ಮ ನುಡಿಗೆ ಅವು ಎಟುಕವು ಎಂದು ಹೇಳುವವರುಂಟು. ಅವರು ಅಮರಕೋಶವನ್ನು ತೆರೆದು ನೋಡಬೇಕು. ಸಮೂಹ, ನಿವಹ, ಸಂದೋಹ, ಸ್ತೋಮ, ನಿಕರ, ವೃಂದ, ಕದಂಬಕ ಎಂದು ಇಪ್ಪತ್ತಕ್ಕೂ ಹೆಚ್ಚು ಶಬ್ದಗಳನ್ನು ಸಾಮಾನ್ಯಾರ್ಥದಲ್ಲಿ ಕೊಟ್ಟು ಅಮರಸಿಂಹನು ಅಲ್ಲಿಗೇ ನಿಲ್ಲುವುದಿಲ್ಲ; ಮುಂದೆ ಬಿಡಿಸುತ್ತಾನೆ. ಪಶುಗಳ ಸಮೂಹ ‘ಸಮಜ’, ಇತರರದು ‘ಸಮಾಜ’, ಸಮಾನಧರ್ಮಿಗಳದು ‘ನಿಕಾಯ’, ಧಾನ್ಯಾದಿಗಳ ರಾಶಿ ‘ಕೂಟ’. ದನಕ್ಕೂ ಜನಕ್ಕೂ ನಡುವೆ ಒಂದೇ ಒಂದು ದೀರ್ಘಸ್ವರ! ಬಾಲ್ಯದಲ್ಲಿ ಉಚ್ಚಾರಣೆ ತಪ್ಪಿ ಗುರುಗಳಿಂದ ಬೆತ್ತದ ಏಟು ತಿಂದದ್ದು ಈ ಜಾಗದಲ್ಲಿಯೇ. ಆಳುವವರು ನೆರೆದವರನ್ನು ಸಂಶಯದಿಂದ ನೋಡುವುದೂ ಹೊಸತಲ್ಲ. ಅಶೋಕನು ತನ್ನ ಮೊದಲನೆಯ ಬಂಡೆಶಾಸನದಲ್ಲಿ ಸಮಾಜಗಳನ್ನು ನಡೆಸಕೂಡದೆಂದು ವಿಧಿಸಿ, ಕೆಲವು ಸಮಾಜಗಳು ಮಾತ್ರ ತನಗೆ ಸಮ್ಮತವೆಂದು ಸೇರಿಸಿದ್ದಾನೆ. ‘ಅಕ್ರಮ ಕೂಟ’ ಎಂಬಲ್ಲಿಯ ಕೂಟವು ‘ಕೂಡು’ ಧಾತುವಿನಿಂದ ಬಂದ ಅಚ್ಚಗನ್ನಡ ಶಬ್ದ; ಕೂಟಸಾಕ್ಷಿ, ಕೂಟಯುದ್ಧಗಳಲ್ಲಿರುವ ಸಂಸ್ಕೃತದ ಕೂಟಕ್ಕೆ ಮೋಸವೆಂಬ ಅರ್ಥವೂ ಉಂಟು. ಪೋಲೀಸರ ಕಾಗದದಲ್ಲಿ ಎರಡೂ ಕಲೆತುಹೋಗಿವೆಯೋ ಎಂದು ನನಗೆ ಆಗಾಗ ಅನುಮಾನ ಬರುತ್ತದೆ. ಅದೇ ಶಬ್ದ ಕ್ರೀಡಾಕೂಟದಲ್ಲಿ, ಸಂತೋಷಕೂಟದಲ್ಲಿ ಎಷ್ಟು ನಿರ್ಮಲವಾಗಿದೆ!

ಆದ್ದರಿಂದ ನಮ್ಮಲ್ಲಿ ಶಬ್ದಗಳಿಗೆ ಬಡತನವಿಲ್ಲ. ನೆರವಿ, ಸಂದಣಿ, ಕೂಟ, ತಂಡ, ಬಳಗ, ಮೇಳ, ಪಡೆ, ದಂಡು, ಸಭೆ, ಗೋಷ್ಠಿ, ಪರಿಷತ್ತು, ಸಂಘ, ಒಕ್ಕೂಟ ಎಲ್ಲವೂ ಇವೆ. ಬಡತನ ಬಂದಿರುವುದು ಬಳಕೆಗೆ. ಇಂದಿನ ಬರಹದಲ್ಲಿ ಎಲ್ಲವೂ ‘ಗುಂಪು’. ಹೆಣ್ಣುಮಕ್ಕಳು ವಾರಕ್ಕಿಷ್ಟು ಉಳಿಸಿ ಸಾಲ ಕೊಟ್ಟುಕೊಳ್ಳುವುದು ಸ್ವಸಹಾಯ ಗುಂಪು. ನಮ್ಮ ಮೈಯಲ್ಲಿ ಹರಿಯುವುದು ರಕ್ತದ ಗುಂಪು. ಲಾಠಿ ಬೀಸಿ ಚದುರಿಸುವುದು ಗುಂಪು. ದಾರಿಹೋಕನನ್ನು ಬಡಿದು ಕೊಂದದ್ದೂ ಗುಂಪು. ಧಾರವಾಡದಲ್ಲಿ ಬೇಂದ್ರೆಯವರೂ ಅವರ ಸ್ನೇಹಿತರೂ ಕಟ್ಟಿದ ‘ಗೆಳೆಯರ ಗುಂಪು’ ಕನ್ನಡ ಸಾಹಿತ್ಯದಲ್ಲಿ ಎಂಥ ಗೌರವದ ಹೆಸರು ಎಂಬುದನ್ನು ಹೇಳಬೇಕಾಗಿಲ್ಲ. ಶಬ್ದ ಕೆಟ್ಟದ್ದಲ್ಲ, ಆದರೆ ಎಲ್ಲರ ಮನೆಯ ಬೀಗಕ್ಕೂ ಒಂದೇ ಕೀಲಿಯಾದರೆ ಕಳ್ಳನಿಗೆ ಅನುಕೂಲ.

ಇಲ್ಲಿ ನನಗೆ ಕಂಡ ಒಂದು ಸಂಗತಿಯನ್ನು ವಿದ್ವಾಂಸರ ಪರಿಶೀಲನೆಗೆ ಇಡುತ್ತೇನೆ. ಆಂಗ್ಲರು ಕೂಡಿದವರ ಮೇಲಿನ ತೀರ್ಪನ್ನು ನಾಮಪದದಲ್ಲಿ ಇಡುತ್ತಾರೆ. ಕನ್ನಡಿಗರು ಬಹುಮಟ್ಟಿಗೆ ಕ್ರಿಯಾಪದದಲ್ಲಿ ಇಡುತ್ತೇವೆ. ಸಭೆ ಸೇರುತ್ತದೆ, ಸಂತೆ ನೆರೆಯುತ್ತದೆ, ಜಾತ್ರೆ ಕೂಡುತ್ತದೆ, ಜನ ಮುತ್ತುತ್ತಾರೆ, ಮುಗಿಬೀಳುತ್ತಾರೆ, ನುಗ್ಗುತ್ತಾರೆ. ಸಂಘ ಕಟ್ಟುವುದು ಪುಣ್ಯದ ಕೆಲಸ; ಅದೇ ‘ಕಟ್ಟು’ ಧಾತುವಿಗೆ ‘ಕೊಳ್ಳು’ ಸೇರಿ ‘ಗುಂಪು ಕಟ್ಟಿಕೊಂಡು’ ಎಂದಾದೊಡನೆ ಮಾತು ಕಹಿಯಾಗುತ್ತದೆ. ‘ಕೊಳ್ಳು’ ಎಂಬುದು ಕರ್ತೃವಿಗೇ ಫಲ ಸಲ್ಲುವುದನ್ನು ಸೂಚಿಸುತ್ತದೆ. ಬುತ್ತಿ ಕಟ್ಟಿಕೊಂಡು ಹೋಗುವುದರಲ್ಲಿ ತಪ್ಪಿಲ್ಲ. ಜನರನ್ನು ಕಟ್ಟಿಕೊಂಡು ಹೋದರೆಂದಾಗ ಆ ಜನ ಯಾರೋ ಒಬ್ಬನ ಬುತ್ತಿಯಾಗಿಬಿಡುತ್ತಾರೆ. ಆ ಹಿರಿಯ ರೈತರಿಗೆ ನೋವಾದದ್ದು ಇದಕ್ಕೇ. ವ್ಯಾಕರಣ ಓದದ ಅವರ ಕಿವಿಗೆ ಕೇಳಿಸಿದ್ದು ವ್ಯಾಕರಣ ಓದಿದ ನನ್ನ ಕೈಗೆ ತಿಳಿಯಲಿಲ್ಲ.

ಇನ್ನೊಂದು ತೊಡಕು ಲಿಂಗದ್ದು. ‘ಜನರು ಬಂದರು’ ಎಂಬಲ್ಲಿ ಬಂದವರು ಮನುಷ್ಯರು. ‘ಗುಂಪು ಬಂತು’ ಎಂಬಲ್ಲಿ ಬಂದದ್ದು ನಪುಂಸಕ. ಆಂಗ್ಲದಲ್ಲಿ ‘ಕಮಿಟಿ’ಯಂಥ ಶಬ್ದಕ್ಕೆ ಏಕವಚನವನ್ನೂ ಬಹುವಚನವನ್ನೂ ಇಷ್ಟದಂತೆ ಹಚ್ಚುವುದುಂಟು: ಒಮ್ಮತದಿಂದ ನಿರ್ಣಯಿಸಿದರೆ ಏಕವಚನ, ಒಳಗೊಳಗೆ ಜಗಳವಾಡಿದರೆ ಬಹುವಚನ. (ನಮ್ಮ ಅನೇಕ ಸಮಿತಿಗಳಿಗೆ ಬಹುವಚನವೇ ಸರಿ.) ಕನ್ನಡದಲ್ಲಿ ಅಂಥ ಸೌಕರ್ಯವಿಲ್ಲದೆ ಪತ್ರಿಕೆಗಳು ‘ಗುಂಪು ಕೊಂದಿತು’ ಎಂದು ಬರೆಯುತ್ತವೆ. ನಪುಂಸಕಕ್ಕೆ ಕೈಯಿಲ್ಲ, ಮನೆಯಿಲ್ಲ, ತಂದೆತಾಯಿಗಳಿಲ್ಲ. ಅದನ್ನು ಹಿಡಿಯುವುದು ಹೇಗೆ? 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂಥ ಕೊಲೆಗಳನ್ನು ತಡೆಯಲು ನಿರ್ದೇಶನಗಳನ್ನು ಕೊಟ್ಟಿತು. ಹೊಸ ಸಂಹಿತೆಯ 103ನೆಯ ಕಲಮಿನ ಎರಡನೆಯ ಉಪಕಲಮು ಜನಾಂಗ, ಜಾತಿ, ಭಾಷೆ ಮೊದಲಾದ ಕಾರಣಗಳಿಗಾಗಿ ನಡೆಯುವ ಅಂಥ ಕೊಲೆಗೆ ಮರಣದಂಡನೆಯನ್ನೋ ಆಜೀವ ಕಾರಾವಾಸವನ್ನೋ ವಿಧಿಸುತ್ತದೆ. ಗಮನಿಸತಕ್ಕದ್ದು ಏನೆಂದರೆ ಅದರ ಆಂಗ್ಲ ಪಾಠದಲ್ಲಿ ‘ಮಾಬ್’ ಎಂಬ ಶಬ್ದವೇ ಇಲ್ಲ. ಐವರು ಅಥವಾ ಹೆಚ್ಚು ಮಂದಿಯ ‘ಗ್ರೂಪ್’ ಒಂದುಗೂಡಿ ಮಾಡಿದ ಕೊಲೆಯೆಂದು ಇದೆ. ಆ ಗ್ರೂಪಿನ ಒಬ್ಬೊಬ್ಬ ಸದಸ್ಯನಿಗೂ ಶಿಕ್ಷೆಯೆಂದಿದೆ. ‘ಮಾಬ್’ ಎಂದರೆ ಆವೇಶ, ಹೊಣೆ ಯಾರದೂ ಅಲ್ಲ. ಎಣಿಸಿ ಹೇಳಿದರೆ ಹೊಣೆ ಐವರಲ್ಲಿ ಒಬ್ಬೊಬ್ಬರದು. ಕನ್ನಡದಲ್ಲಿಯೂ ‘ಗುಂಪು ಕೊಂದಿತು’ ಎಂಬುದನ್ನು ಬಿಟ್ಟು ‘ಇಷ್ಟು ಮಂದಿ ಕೂಡಿ ಕೊಂದರು’ ಎಂದು ಬರೆಯಬೇಕೆಂಬುದು ನನ್ನ ಖಚಿತವಾದ ಅಭಿಪ್ರಾಯ. ವಾಕ್ಯ ಒಂದೆರಡು ಅಕ್ಷರ ಬೆಳೆದರೆ ಬೆಳೆಯಲಿ.

ನಮ್ಮ ಆಂಗ್ಲ ವ್ಯಾಕರಣದ ಪುಸ್ತಕಗಳಲ್ಲಿ ಸಿಂಹಗಳ ಹಿಂಡಿಗೆ ‘ಪ್ರೈಡ್’, ಹೆಬ್ಬಾತುಗಳ ಹಿಂಡಿಗೆ ‘ಗ್ಯಾಗಲ್’ ಎಂದು ಮಕ್ಕಳು ಬಾಯಿಪಾಠ ಮಾಡುತ್ತಾರೆ. 1486ರಲ್ಲಿ ಅಚ್ಚಾದ ಬೇಟೆಯ ಪುಸ್ತಕವೊಂದರಲ್ಲಿ ದೊರೆಮಕ್ಕಳ ವಿನೋದಕ್ಕಾಗಿ ಕೊಟ್ಟ ಪಟ್ಟಿಯಲ್ಲಿದ್ದವು ಅವು. ಸಿಂಹವನ್ನೂ ಹೆಬ್ಬಾತನ್ನೂ ಈ ತಾಲೂಕಿನಲ್ಲಿ ಕಂಡವರಿಲ್ಲ. ಸಂದಣಿಗೂ ದೊಂಬಿಗೂ ಇರುವ ಅಂತರವಾದರೋ ನಾಳೆ ಅವರು ಪೋಲೀಸರಾದಾಗ, ಪತ್ರಕರ್ತರಾದಾಗ, ಗುಮಾಸ್ತರಾಗಿ ವರದಿ ಬರೆಯುವಾಗ ಬೇಕಾದದ್ದು. ಅದನ್ನು ಕಲಿಸುವವರು ಯಾರು?

ಆದಕಾರಣ ಕೆಲವು ವರ್ಷಗಳಿಂದ ಒಂಬತ್ತನೆಯ ತರಗತಿಯ ಭಾಷಾಂತರ ಪಾಠದಲ್ಲಿ ನಾನು ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಪಾಲಕರು ಬೇವಿನ ಮರದಡಿ ಕುಳಿತಿದ್ದ ಆ ಬೆಳಗಿನ ಘಟನೆಯನ್ನೇ, ಊರಿನ ಹೆಸರು ಹೇಳದೆ, ಆಂಗ್ಲದ ನಾಲ್ಕು ಸಾಲುಗಳಲ್ಲಿ ಬರೆದುಕೊಟ್ಟು, ಮುಖ್ಯಾಧ್ಯಾಪಕರ ಬಾಯಿಂದ ಒಮ್ಮೆ, ಒಬ್ಬ ಪಾಲಕರ ಬಾಯಿಂದ ಒಮ್ಮೆ, ದಾರಿಯಲ್ಲಿ ಹೋಗುವವನ ಬಾಯಿಂದ ಒಮ್ಮೆ ಕನ್ನಡಿಸಲು ಹೇಳುತ್ತೇನೆ. ಹೋದ ವರ್ಷ ಒಬ್ಬ ಹುಡುಗಿ ಮೂರೂ ಕಡೆ ‘ಬಂದವರು’ ಎಂದಷ್ಟೇ ಬರೆದಿದ್ದಳು. ಅದಕ್ಕೆ ಎಷ್ಟು ಅಂಕ ಕೊಡಬೇಕೆಂದು ಬಹಳ ಹೊತ್ತು ಯೋಚಿಸಿ ಹತ್ತಕ್ಕೆ ಎಂಟು ಕೊಟ್ಟೆ. ಆಂಗ್ಲದ ಅಧ್ಯಾಪಕರು ನಾಲ್ಕು ಸಾಕಿತ್ತೆನ್ನುತ್ತಾರೆ. ಈ ವಾದ ಅಧ್ಯಾಪಕರ ಕೋಣೆಯಲ್ಲಿ ಇನ್ನೂ ಮುಗಿದಿಲ್ಲ. ಇತರ ಶಾಲೆಗಳ ಭಾಷಾಧ್ಯಾಪಕರೂ ಇದನ್ನು ಪ್ರಯೋಗಿಸಿ ನೋಡಿ, ತಮ್ಮ ಅಭಿಪ್ರಾಯವನ್ನು ಬರೆದು ತಿಳಿಸಿದರೆ ಉಪಕಾರವಾಗುತ್ತದೆ.

ದಾನಿಗಳಲ್ಲಿ ಒಂದು ಬಿನ್ನಹ. ಮೈಸೂರು ವಿಶ್ವವಿದ್ಯಾಲಯವು 1946ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಕನ್ನಡ ನಿಘಂಟಿನ ಹಳೆಯ ಪ್ರತಿಯೊಂದು ನಮ್ಮ ಗ್ರಂಥಾಲಯದಲ್ಲಿದೆ. ಮಕ್ಕಳ ಕೈ ಆಡಿ ಆಡಿ ಅದರ ಹೊಲಿ ಬಿಚ್ಚಿದೆ, ‘ಸಿ’ ಅಕ್ಷರದ ಕೆಲವು ಪುಟಗಳು ಕಾಣೆಯಾಗಿವೆ. ‘ಕ್ರೌಡ್’ ಅವುಗಳಲ್ಲಿಯೇ ಹೋಗಿದೆ. ಪರಿಷ್ಕೃತ ಮುದ್ರಣದ ಎರಡು ಪ್ರತಿಗಳನ್ನೂ ಅಮರಕೋಶದ ಒಂದು ಸಟೀಕಾ ಪ್ರತಿಯನ್ನೂ ಯಾರಾದರೂ ಕೊಡಿಸಿದರೆ, ಮುಂದಿನ ಗ್ಯಾದರಿಂಗಿನ ವೇದಿಕೆಯ ಮೇಲೆ ಅವರ ಕೈಯಿಂದಲೇ ಮಕ್ಕಳಿಗೆ ಕೊಡಿಸುವ ಏರ್ಪಾಡು ಮಾಡುತ್ತೇವೆ.